ಹೊಸ್ತಿಲಿನ ಮರ್ಯಾದೆ: ‘ಚಿರಸ್ಮರಣೆ’ಯನ್ನು ಮತ್ತೊಮ್ಮೆ ಓದಿ

ಶ್ರೀ ನಿರಂಜನರ ‘ಚಿರಸ್ಮರಣೆ’ಯು ೧೯೫೫ರಲ್ಲಿ ಪ್ರಕಟವಾದ ಕಾದಂಬರಿ. ಕಯ್ಯೂರಿನ ರೈತರ ಹೋರಾಟವೂ ನಾಲ್ವರು ತರುಣರ ಬಲಿದಾನವೂ ಅದರ ವಸ್ತು. ಅದನ್ನು ಓದಿ ಮುಗಿಸಿದವರ ಮನಸ್ಸು ಸಾಮಾನ್ಯವಾಗಿ ನೇಣುಗಂಬದ ಬಳಿಯಲ್ಲಿಯೇ ನಿಂತುಬಿಡುತ್ತದೆ. ಅದು ಸಹಜವೂ ಹೌದು. ಆದರೆ ಶೇಗಾಂವದಲ್ಲಿ ನಾವು ಕೆಲವರು ಕೂಡಿ ಆ ಕಾದಂಬರಿಯನ್ನು ಓದಿದಾಗ ವಿದ್ಯಾರ್ಥಿಯೊಬ್ಬನು ಕೇಳಿದ ಪ್ರಶ್ನೆಯು ನಮ್ಮನ್ನು ನೇಣುಗಂಬದಿಂದ ಬಹಳ ಹಿಂದಕ್ಕೆ ಕರೆದೊಯ್ದಿತು. “ಮಾಸ್ತರ್ರೆ, ಹೇಳದ ಕೇಳದ ಮಂದಿ ಮನ್ಯಾಗ ಹೊಗಾಕ ಪೋಲೀಸರಿಗೆ ಅಧಿಕಾರ ಐತೇನ್ರಿ?” ಪ್ರಶ್ನೆ ಚಿಕ್ಕದು. ಉತ್ತರವನ್ನು ಕೊಡಬೇಕಾಗಿದ್ದ ನಾವು ತಡವರಿಸಿದೆವು. ಆ ತಡವರಿಕೆಯೇ ಈ ಲೇಖನಕ್ಕೆ ಕಾರಣವೆಂದು ವಾಚಕರಲ್ಲಿ ಮೊದಲೇ ಒಪ್ಪಿಕೊಳ್ಳುತ್ತೇವೆ.

ಕಾದಂಬರಿಗೆ ಆಧಾರವಾದ ಸಂಗತಿಯನ್ನು ಮೊದಲು ಸಂಗ್ರಹವಾಗಿ ಹೇಳಬೇಕು. ಕಯ್ಯೂರು ಅಂದು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕಿಗೆ ಸೇರಿದ ಹಳ್ಳಿ. ೧೯೫೬ರ ಪುನರ್ವಿಂಗಡಣೆಯಲ್ಲಿ ಆ ತಾಲೂಕು ಕೇರಳದ ಪಾಲಾಯಿತು. ಗಡಿಯ ಈಚೆಗೆ ಉಳಿದ ಜತ್ತ ತಾಲೂಕಿನ ನಮಗೆ ಅದರ ಅವಸ್ಥೆಯನ್ನು ವಿವರಿಸಿ ಹೇಳುವ ಅವಶ್ಯಕತೆಯಿಲ್ಲ. ೧೯೪೧ರ ಮಾರ್ಚ್ ತಿಂಗಳ ಕೊನೆಯಲ್ಲಿ ಅಲ್ಲಿಯ ರೈತ ಕಾರ್ಯಕರ್ತರ ಮನೆಗಳ ಮೇಲೆ ಪೋಲೀಸರು ದಾಳಿ ಮಾಡಿದರು; ಹಿಡಿದರು, ಹೊಡೆದರು. ಅದನ್ನು ಪ್ರತಿಭಟಿಸಿ ೨೮ನೆಯ ತಾರೀಖಿನಂದು ರೈತರು ಮೆರವಣಿಗೆ ಹೊರಟರು. ದಾರಿಯಲ್ಲಿ ಎದುರಾದ ಸುಬ್ಬರಾಯನ್ ಎಂಬ ಪೋಲೀಸನು ಜನರ ಕೈಗೆ ಸಿಕ್ಕಿದನು. ತಪ್ಪಿಸಿಕೊಳ್ಳಲೆಂದು ಹೊಳೆಗೆ ಹಾರಿ, ಕಲ್ಲೇಟಿನ ನಡುವೆ ಪ್ರಾಣ ಬಿಟ್ಟನು. ಮೊಕದ್ದಮೆ ನಡೆಯಿತು. ೧೯೪೩ರ ಮಾರ್ಚ್ ೨೯ರಂದು ಕಣ್ಣೂರಿನ ಸೆರೆಮನೆಯಲ್ಲಿ ಮಠತ್ತಿಲ್ ಅಪ್ಪು, ಕೊಯಿತ್ತಾಟ್ಟಿಲ್ ಚಿರುಕಂಡನ್, ಪೊಡೋರ ಕುಞಂಬು ನಾಯರ್, ಪಳ್ಳಿಕ್ಕಲ್ ಅಬೂಬಕ್ಕರ್ ಈ ನಾಲ್ವರನ್ನು ಗಲ್ಲಿಗೇರಿಸಲಾಯಿತು. ಐದನೆಯವನು ಎಳೆಯ ವಯಸ್ಸಿನವನಾದುದರಿಂದ ಉಳಿದನು.

ಈ ಸಂಗತಿಗಳ ಸರಪಳಿಯನ್ನು ಹಿಂದಿನಿಂದ ಮುಂದಕ್ಕೆ ನೋಡಿದರೆ ಮೊದಲನೆಯ ಕೊಂಡಿಯು ಮನೆಯ ಬಾಗಿಲು. ಬಾಗಿಲಲ್ಲಿ ನಡೆದ ಅನ್ಯಾಯಕ್ಕೆ ಬೀದಿಯಲ್ಲಿ ಉತ್ತರ ಹುಟ್ಟಿತು. ಬೀದಿಯ ಉತ್ತರವು ಹೊಳೆಯನ್ನು ಮುಟ್ಟಿತು. ಹೊಳೆಯಿಂದ ಸೆರೆಮನೆಯವರೆಗಿನ ದಾರಿ ಬಹಳ ದೂರವಿರಲಿಲ್ಲ. ‘ಚಿರಸ್ಮರಣೆ’ಯನ್ನು ಈ ದೃಷ್ಟಿಯಿಂದ ಓದಿದರೆ ಅದರ ಗುಣವೂ ಅದರ ಕೊರತೆಯೂ ಬೇರೆಯಾಗಿ ಕಾಣುತ್ತವೆಂಬುದು ನಮ್ಮ ಅಭಿಪ್ರಾಯ.

ಗುಣವನ್ನು ಮೊದಲು ಹೇಳುತ್ತೇವೆ. ನಿರಂಜನರು ಎಳೆತನದಲ್ಲಿ ನೀಲೇಶ್ವರದ ಹೈಸ್ಕೂಲಿನಲ್ಲಿ ಓದಿದವರು. ಆ ಮಣ್ಣಿನ ವಾಸನೆಯನ್ನು ಬಲ್ಲವರು. ಆದುದರಿಂದ ಕನ್ನಡದಲ್ಲಿ ಬರೆದರೂ ಮಲಯಾಳವಾಡುವ ರೈತನ ಬದುಕನ್ನು ಅವರು ಪರಕೀಯವಾಗಗೊಡಲಿಲ್ಲ. ಹಳ್ಳಿಯ ಇಬ್ಬರು ಹುಡುಗರು, ಅಪ್ಪು ಮತ್ತು ಚಿರುಕಂಡ, ಶಾಲೆಯ ಮಾಸ್ತರರೊಬ್ಬರ ಕೈಯಲ್ಲಿ ಅಕ್ಷರದೊಡನೆ ಲೋಕವನ್ನೂ ಓದಲು ಕಲಿಯುವ ಬಗೆಯು ಈ ಕಾದಂಬರಿಯ ಅತ್ಯಂತ ಸುಂದರವಾದ ಭಾಗ. ಪ್ರಗತಿಶೀಲರ ಕಾದಂಬರಿಗಳಲ್ಲಿ ಶಿಕ್ಷಕನಿಗೆ ಇಷ್ಟು ಗೌರವದ ಸ್ಥಾನವು ದೊರೆತುದು ವಿರಳ. ಶಿಕ್ಷಕರಾದ ವಾಚಕರಿಗೆ ಇದು ಅಭಿಮಾನದ ವಿಷಯ. ಅದೇ ಕಾಲಕ್ಕೆ ಭಾರವಾದ ಹೊಣೆಯೂ ಹೌದು.

ಇನ್ನು ಕೊರತೆ. ಪ್ರಗತಿಶೀಲ ಕಾದಂಬರಿಯ ಸಾಮಾನ್ಯ ದೌರ್ಬಲ್ಯವು ಇಲ್ಲಿಯೂ ಅಲ್ಲಲ್ಲಿ ತಲೆದೋರುತ್ತದೆ: ಪಾತ್ರಗಳು ಒಮ್ಮೊಮ್ಮೆ ತಮ್ಮ ಮಾತನ್ನು ಬಿಟ್ಟು ಪಕ್ಷದ ಮಾತನ್ನು ಆಡುತ್ತವೆ. ನಮ್ಮ ಆಕ್ಷೇಪಣೆಯು ಅದಕ್ಕಿಂತ ಬೇರೆಯದು. ಈ ಕೃತಿಯು ಓದುವವನಿಗೆ ಧೈರ್ಯವನ್ನು ಧಾರಾಳವಾಗಿ ಕೊಡುತ್ತದೆ. ಆದರೆ ಬಾಗಿಲಿಗೆ ಬಂದ ಅಧಿಕಾರಿಯ ಎದುರಿಗೆ ನಿಂತ ಬಡವನು ಯಾವ ಮಾತನ್ನು ಆಡಬಹುದಾಗಿತ್ತು, ಯಾವ ಕಾಗದವನ್ನು ಕೇಳಬಹುದಾಗಿತ್ತು ಎಂಬ ಅರಿವನ್ನು ವಾಚಕನು ಹೊರಗಿನಿಂದಲೇ ತರಬೇಕಾಗುತ್ತದೆ. ಕಾದಂಬರಿಯು ಕಾನೂನಿನ ಪಠ್ಯಪುಸ್ತಕವಲ್ಲವೆಂದು ಯಾರಾದರೂ ಹೇಳಿಯಾರು. ಒಪ್ಪಿದೆವು. ಕಾದಂಬರಿಕಾರರಲ್ಲಿ ನಾವು ತಪ್ಪು ಹುಡುಕುತ್ತಿಲ್ಲ. ಅದನ್ನು ಪಾಠ ಹೇಳುವವರ ಕೆಲಸ ಎಲ್ಲಿಂದ ಆರಂಭವಾಗುತ್ತದೆಂಬುದನ್ನು ತೋರಿಸುತ್ತಿದ್ದೇವೆ.

ಆಳುವವರು ಪರಕೀಯರಾಗಿದ್ದುದರಿಂದ ಅಂದು ಕಾನೂನೇ ಇರಲಿಲ್ಲವೆಂದು ಹಲವರು ತಿಳಿಯುತ್ತಾರೆ. ಅದು ನಿಜವಲ್ಲ. ೧೮೯೮ರ ದಂಡಪ್ರಕ್ರಿಯಾ ಸಂಹಿತೆಯು ೧೯೪೧ರಲ್ಲಿ ಜಾರಿಯಲ್ಲಿತ್ತು. ವಾರಂಟು ಇಲ್ಲದೆ ಝಡತಿ ಮಾಡುವ ಅಧಿಕಾರಿಯು ತನ್ನ ನಂಬಿಕೆಯ ಕಾರಣಗಳನ್ನು ಮುಂಚಿತವಾಗಿ ಬರೆದಿಡಬೇಕೆಂದು ಅದರ ೧೬೫ನೆಯ ಕಲಮು ಹೇಳುತ್ತಿತ್ತು. ಆ ಸ್ಥಳದ ಇಬ್ಬರು ಗೌರವಸ್ಥರ ಸಮಕ್ಷಮದಲ್ಲಿಯೇ ಝಡತಿ ನಡೆಯಬೇಕೆಂದು ೧೦೩ನೆಯ ಕಲಮು ವಿಧಿಸಿತ್ತು. ಪುಸ್ತಕದಲ್ಲಿ ಕಾನೂನಿತ್ತು, ಹೊಸ್ತಿಲಲ್ಲಿ ಅದನ್ನು ಓದಿ ಕೇಳುವವರಿರಲಿಲ್ಲ. ಕೇಳಿದರೂ ಕಿವಿಗೊಡುವ ಸರಕಾರವಿರಲಿಲ್ಲ. ಕಯ್ಯೂರಿನ ದುರಂತದ ಬೇರುಗಳಲ್ಲಿ ಇದೂ ಒಂದು.

ಸ್ವಾತಂತ್ರ್ಯ ಬಂದ ಮೇಲೆ ಹೊಸ್ತಿಲಿಗೆ ಮರ್ಯಾದೆ ತಾನಾಗಿ ಬಂದಿತೇ? ಇಲ್ಲ. ೧೯೫೪ರಲ್ಲಿ ಎಂ. ಪಿ. ಶರ್ಮಾ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟು, ಅಮೇರಿಕದ ಸಂವಿಧಾನದಲ್ಲಿರುವಂತೆ ಝಡತಿಯಿಂದ ರಕ್ಷಿಸುವ ಹಕ್ಕು ನಮ್ಮ ಸಂವಿಧಾನದಲ್ಲಿ ಇಲ್ಲವೆಂದಿತು. ಆಮೇಲೆ ಬಂದುದು ಖರಕ್ ಸಿಂಗನ ಪ್ರಕರಣ. ಉತ್ತರ ಪ್ರದೇಶದ ಈತನನ್ನು, ಕಯ್ಯೂರಿನ ಘಟನೆ ನಡೆದ ೧೯೪೧ರಲ್ಲಿಯೇ, ದರೋಡೆಯ ಸಂಶಯದ ಮೇಲೆ ಹಿಡಿದು ಸಾಕ್ಷ್ಯವಿಲ್ಲದೆ ಬಿಟ್ಟಿದ್ದರು. ಬಿಟ್ಟರೂ ಪೋಲೀಸರು ಅವನ ಹೆಸರಿನಲ್ಲಿ ದಫ್ತರವೊಂದನ್ನು ತೆರೆದು, ರಾತ್ರಿಯ ಹೊತ್ತು ಬಂದು ಬಾಗಿಲು ಬಡಿದು, ನಿದ್ದೆಯಿಂದೆಬ್ಬಿಸಿ ಅವನಿದ್ದಾನೆಯೋ ಇಲ್ಲವೋ ಎಂದು ನೋಡಿಹೋಗುತ್ತಿದ್ದರು. ೧೯೬೨ರ ಡಿಸೆಂಬರಿನಲ್ಲಿ ಸುಪ್ರೀಮ್ ಕೋರ್ಟಿನ ಆರು ಜನ ನ್ಯಾಯಮೂರ್ತಿಗಳು ಇಂಥ ರಾತ್ರಿಯ ಭೆಟ್ಟಿಗಳನ್ನು ರದ್ದುಮಾಡಿದರು. ಬಹುಮತದವರು ಉಳಿದ ಕಾವಲನ್ನು ಹಾಗೆಯೇ ಬಿಟ್ಟರು. ಆ ಕಾವಲೆಲ್ಲವೂ ತಪ್ಪೆಂದು ಭಿನ್ನಮತವನ್ನು ಬರೆದವರು ನ್ಯಾಯಮೂರ್ತಿ ಸುಬ್ಬರಾವ್. ಒಬ್ಬ ಮನುಷ್ಯನ ಕೆಟ್ಟ ನಿದ್ದೆಯು ದೇಶದ ಅತ್ಯುಚ್ಚ ನ್ಯಾಯಾಲಯದವರೆಗೆ ಹೋದುದು ಸಣ್ಣ ಮಾತಲ್ಲ. ಕಾದಂಬರಿಕಾರರಿಗೆ ಇಲ್ಲಿ ಒಂದು ವಸ್ತುವಿದೆ.

ಈ ಕಥೆಯ ಕೊನೆಯ ಅಧ್ಯಾಯದಲ್ಲಿ ಕನ್ನಡಿಗರೊಬ್ಬರ ಹೆಸರು ಬರುತ್ತದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ ೨೦೧೨ರಲ್ಲಿ ಅರ್ಜಿ ಹಾಕಿದಾಗ ಅವರಿಗೆ ಎಂಬತ್ತು ವರ್ಷ ಮೀರಿತ್ತು. ಆ ಅರ್ಜಿಯ ಮೂಲಕ ಎದ್ದ ಪ್ರಶ್ನೆಯನ್ನು ಒಂಬತ್ತು ಜನ ನ್ಯಾಯಮೂರ್ತಿಗಳು ಕುಳಿತು ವಿಚಾರಿಸಿ, ೨೦೧೭ರ ಆಗಸ್ಟ್ ೨೪ರಂದು, ಖಾಸಗಿತನವು ಸಂವಿಧಾನದ ೨೧ನೆಯ ವಿಧಿಯಲ್ಲಿ ಅಡಗಿರುವ ಮೂಲಭೂತ ಹಕ್ಕೆಂದು ಏಕಮತದಿಂದ ಸಾರಿದರು. ಖಾಸಗಿತನದ ಹಕ್ಕಿಲ್ಲವೆಂದ ಮಟ್ಟಿಗೆ ಶರ್ಮಾ ಮತ್ತು ಖರಕ್ ಸಿಂಗ್ ನಿರ್ಣಯಗಳು ಬಿದ್ದುಹೋದವು. ಪುಟ್ಟಸ್ವಾಮಿಯವರು ೨೦೨೪ರಲ್ಲಿ ತಮ್ಮ ೯೮ನೆಯ ವಯಸ್ಸಿನಲ್ಲಿ ತೀರಿಕೊಂಡರು. ನಮ್ಮ ವಿದ್ಯಾರ್ಥಿಗಳು ಅಪ್ಪು, ಚಿರುಕಂಡರ ಹೆಸರಿನೊಡನೆ ಈ ಹಿರಿಯರ ಹೆಸರನ್ನೂ ನೆನಪಿನಲ್ಲಿಡಬೇಕೆಂದು ನಾವು ಬಯಸುತ್ತೇವೆ.

ಈಗ ಆ ಹುಡುಗನ ಪ್ರಶ್ನೆಗೆ ಬರೋಣ. ವಾರಂಟಿಲ್ಲದೆ ಪೋಲೀಸರು ಬಂದುದೆಲ್ಲವೂ ಅನ್ಯಾಯವೆಂದು ಹೇಳಲಾಗದು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ೪೪ನೆಯ ಕಲಮಿನಂತೆ, ಬಂಧಿಸಬೇಕಾದವನು ಮನೆಯೊಳಗೆ ಹೊಕ್ಕಿದ್ದಾನೆಂದು ನಂಬಲು ಕಾರಣವಿದ್ದರೆ ಮನೆಯವರು ಬಾಗಿಲು ತೆರೆಯಬೇಕು. ತನಿಖೆಗೆ ಬೇಕಾದ ವಸ್ತುವು ತಡಮಾಡಿದರೆ ಕೈತಪ್ಪುವಂತಿದ್ದಾಗ ಅಧಿಕಾರಿಯು ವಾರಂಟಿಲ್ಲದೆ ಝಡತಿ ಮಾಡಬಹುದೆಂದು ೧೮೫ನೆಯ ಕಲಮು ಹೇಳುತ್ತದೆ. ಆದರೆ ಅದೇ ಕಲಮು ಅವನ ಕೈಯನ್ನು ಕಟ್ಟಿಯೂ ಇದೆ. ಕಾರಣವನ್ನೂ, ಹುಡುಕುವ ವಸ್ತು ಯಾವುದೆಂಬುದನ್ನೂ ಮೊದಲೇ ಬರೆದಿಡಬೇಕು. ಝಡತಿಯನ್ನು ಧ್ವನಿಚಿತ್ರದಲ್ಲಿ ದಾಖಲಿಸಬೇಕು. ಬರೆದುದರ ಪ್ರತಿಯನ್ನು ೪೮ ತಾಸುಗಳ ಒಳಗೆ ಸಮೀಪದ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಮನೆಯವನು ಕೇಳಿದರೆ ಆ ಪ್ರತಿಯನ್ನು ಬಿಟ್ಟಿಯಾಗಿ ಕೊಡಿಸಬೇಕು. ೧೦೩ನೆಯ ಕಲಮಿನ ಪ್ರಕಾರ ಇಬ್ಬರು ಸ್ವತಂತ್ರ, ಗೌರವಸ್ಥ ಪಂಚರು ಬೇಕು; ಮನೆಯವನಿಗೆ ಝಡತಿಯ ವೇಳೆಗೆ ಹಾಜರಿರುವ ಹಕ್ಕಿದೆ; ವಶಪಡಿಸಿಕೊಂಡ ವಸ್ತುಗಳ ಯಾದಿಯು ಅವನ ಕೈಗೆ ಬರಬೇಕು; ಹೆಂಗಸಿನ ಝಡತಿಯನ್ನು ಹೆಂಗಸೇ ಮರ್ಯಾದೆಯಿಂದ ಮಾಡಬೇಕು.

ಕ್ರಮ ತಪ್ಪಿದರೇನು ಗತಿ? ನಿಯಮ ಮೀರಿದ ಝಡತಿಯನ್ನು ಮನೆಯವನು ತಡೆಯಬಹುದೆಂದು ಸುಪ್ರೀಮ್ ಕೋರ್ಟು ರಾಧಾ ಕಿಶನ್ ಪ್ರಕರಣದಲ್ಲಿ ಹೇಳಿದೆ. ಹಾಗಾದರೂ ಅಂಥ ಝಡತಿಯಲ್ಲಿ ಸಿಕ್ಕಿದ ವಸ್ತುವು ಅಷ್ಟರಿಂದಲೇ ಸಾಕ್ಷ್ಯಕ್ಕೆ ಬಾರದಂತಾಗುವುದಿಲ್ಲ. ಈ ಎರಡು ಮಾತುಗಳನ್ನು ಒಟ್ಟಿಗೆ ತಿಳಿದಿರಬೇಕು. ತಡೆಯುವುದು ಬಾಯಿಂದ ಆಗಲಿ, ಕೈಯಿಂದ ಬೇಡವೆಂಬುದು ನಮ್ಮ ಬುದ್ಧಿವಾದ. ಕಾನೂನಿನ ತಿಳಿವಳಿಕೆಯಿಲ್ಲದ ಕೋಪವು ಎಲ್ಲಿಗೆ ಮುಟ್ಟುತ್ತದೆಂಬುದನ್ನು ಕಯ್ಯೂರಿನ ಹೊಳೆ ತೋರಿಸಿದೆ. ಕಾದಂಬರಿಯ ಸಹಾನುಭೂತಿಯು ರೈತರ ಕಡೆಗಿದೆ, ಇರತಕ್ಕದ್ದೇ ಹಾಗೆ. ಆದರೆ ಸಹೃದಯನಾದ ವಾಚಕನು ಸುಬ್ಬರಾಯನ್‌ನನ್ನೂ ಮರೆಯಕೂಡದು. ಆತನೂ ಯಾವುದೋ ಮನೆಯ ಹೊಸ್ತಿಲನ್ನು ದಾಟಿ ನೌಕರಿಗೆ ಬಂದವನು. ಇಂದು ನಮಗೆ ಹೊಳೆಯ ದಾರಿಯಲ್ಲದೆ ಬೇರೆ ದಾರಿಗಳಿವೆ. ತನಿಖೆಯ ನಿಯಮವನ್ನು ತಿಳಿದೂ ತಿಳಿದೂ ಮೀರಿ ಹಾನಿ ಮಾಡುವ ನೌಕರನಿಗೆ ಭಾರತೀಯ ನ್ಯಾಯ ಸಂಹಿತೆಯ ೧೯೯ನೆಯ ಕಲಮಿನಲ್ಲಿ ಶಿಕ್ಷೆಯಿದೆ. ಸಾಂಗಲಿ ಜಿಲ್ಲೆಯವರು ಹೈಕೋರ್ಟಿಗೆ ಹೋಗಲು ಮುಂಬಯಿಯವರೆಗೆ ನಡೆಯಬೇಕಾಗಿಲ್ಲ. ೨೦೨೫ರ ಆಗಸ್ಟಿನಿಂದ ಕೊಲ್ಹಾಪುರದಲ್ಲಿಯೇ ಅದರ ಪೀಠ ಕುಳಿತಿದೆ. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟರಿಗೆ, ಬಂಧನದಲ್ಲಿರುವವರಿಗೆ ೧೯೮೭ರ ಕಾಯಿದೆಯ ಪ್ರಕಾರ ವಕೀಲರ ನೆರವು ಉಚಿತವಾಗಿ ಸಿಗುತ್ತದೆ.

ಆದರೂ ಗಡಿಯ ನಮಗೆ ಒಂದು ತೊಡಕು ಉಳಿಯುತ್ತದೆ. ಈ ಕಾಗದಗಳೆಲ್ಲವೂ ಮರಾಠಿಯಲ್ಲಿರುತ್ತವೆ. ಮರಾಠಿಯು ನೆರೆಯವರ ಭಾಷೆ, ರಾಜ್ಯದ ಭಾಷೆ. ಅದರ ಮೇಲೆ ನಮಗೆ ಮುನಿಸಿಲ್ಲ, ಅದನ್ನು ಕಲಿಯಲೂ ಬೇಕು. ಆದರೆ ಕನ್ನಡವೊಂದನ್ನೇ ಓದಬಲ್ಲ ಮುದುಕಿಯು ತನ್ನ ಮನೆಯ ಪಂಚನಾಮೆಯ ಕೆಳಗೆ ಹೆಬ್ಬೆಟ್ಟು ಒತ್ತಿದರೆ ಅವಳು ಏನನ್ನು ಒಪ್ಪಿಕೊಂಡಂತಾಯಿತು? ಈ ಪ್ರಶ್ನೆಗೆ ಬೆಳಕು ದೊರೆತುದು ಮಹಾರಾಷ್ಟ್ರದಿಂದಲೇ ಎಂಬುದು ಗಮನಾರ್ಹ. ನಾಗಪುರದಲ್ಲಿ ಪ್ರತಿಬಂಧಕ ಸ್ಥಾನಬದ್ಧತೆಗೆ ಗುರಿಯಾದ ಹರಿಕಿಶನ್ ಎಂಬವನಿಗೆ ಕಾರಣಗಳನ್ನು ಇಂಗ್ಲಿಷಿನಲ್ಲಿ ಕೊಟ್ಟಿದ್ದರು. ಅವನು ಬಲ್ಲುದು ಹಿಂದಿ. ಪೋಲೀಸ ಅಧಿಕಾರಿಯು ಬಾಯಿಮಾತಿನಲ್ಲಿ ಅನುವಾದಿಸಿ ಹೇಳಿದುದು ಸಾಲದೆಂದು ಸುಪ್ರೀಮ್ ಕೋರ್ಟು ೧೯೬೨ರಲ್ಲಿ ನಿರ್ಣಯಿಸಿತು. ಮಹಾರಾಷ್ಟ್ರದ ಇನ್ನೊಂದು ಪ್ರಕರಣದಲ್ಲಿ, ೨೦೨೫ರ ನವೆಂಬರಿನಲ್ಲಿ, ಯಾರನ್ನೇ ಬಂಧಿಸಿದರೂ ಕಾರಣಗಳನ್ನು ಅವರಿಗೆ ತಿಳಿಯುವ ಭಾಷೆಯಲ್ಲಿ ಬರೆದು ಕೊಡಬೇಕೆಂದು ಅದೇ ನ್ಯಾಯಾಲಯ ಹೇಳಿದೆ. ಈ ನಿರ್ಣಯಗಳು ಬಂಧನವನ್ನು ಕುರಿತವು, ಪಂಚನಾಮೆಯನ್ನು ಕುರಿತವಲ್ಲ. ಆದರೆ ಅವುಗಳ ಹಿಂದಿರುವ ನ್ಯಾಯವು ಒಂದೇ: ಓದಲಾಗದ ಕಾಗದವು ಕೊಡದ ಕಾಗದಕ್ಕೆ ಸಮಾನ.

ಇಲ್ಲಿ ನಮ್ಮ ಶಿಕ್ಷಕರ ಪಾತ್ರ ಆರಂಭವಾಗುತ್ತದೆ. ಹಳ್ಳಿಯಲ್ಲಿ ಪಂಚರು ಬೇಕಾದಾಗ ಫೌಜದಾರರ ಕಣ್ಣು ಮಾಸ್ತರರ ಮೇಲೆ ಬೀಳುವುದು ಸಹಜ. ಲಿಖಿತ ಆಜ್ಞೆ ಬಂದ ಮೇಲೆ ಸಕಾರಣವಿಲ್ಲದೆ ಒಲ್ಲೆನೆನ್ನುವಂತಿಲ್ಲ. ಹೋಗಲಿ, ಆದರೆ ಕಣ್ಣಿನಿಂದ ಕಂಡುದಕ್ಕೆ ಮಾತ್ರ, ಓದಿ ತಿಳಿದುದಕ್ಕೆ ಮಾತ್ರ ರುಜು ಹಾಕಲಿ. ಮನೆಯವರಿಗೆ ಅದನ್ನು ಕನ್ನಡದಲ್ಲಿ ಓದಿ ಹೇಳಲಿ. ಯಾದಿಯ ಪ್ರತಿ ಅವರ ಕೈ ಸೇರುವವರೆಗೆ ಅಲ್ಲಿಂದ ಏಳದಿರಲಿ. ನಿರಂಜನರ ಮಾಸ್ತರರು ತಮ್ಮ ಹಳ್ಳಿಗೆ ಮಾಡಿದುದು ದೊಡ್ಡ ಕೆಲಸ. ನಮ್ಮ ಪಾಲಿಗೆ ಬಂದುದು ಇಷ್ಟು ಚಿಕ್ಕದು. ಚಿಕ್ಕದೆಂದು ಅದು ಸುಲಭವಾದುದಲ್ಲ. ಫೌಜದಾರರ ಎದುರಿಗೆ “ಓದಿ ರುಜು ಹಾಕುತ್ತೇನೆ, ಸಾಹೇಬರೇ” ಎನ್ನಲು ಎಷ್ಟು ಧೈರ್ಯ ಬೇಕೆಂಬುದನ್ನು ಹಾಗೆಂದವರೇ ಬಲ್ಲರು.

‘ಚಿರಸ್ಮರಣೆ’ಯು ಇಂದಿಗೂ ಓದಲೇಬೇಕಾದ ಕಾದಂಬರಿಯೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಅದನ್ನು ತರಗತಿಯಲ್ಲಿ ಓದಿಸುವವರು ಕೊನೆಯ ಪುಟ ಮುಗಿದ ಮೇಲೆ ಒಂದು ತಾಸನ್ನು ಈ ವಿಷಯಕ್ಕೆ ಮೀಸಲಿಡಬೇಕೆಂದು ನಮ್ಮ ವಿನಂತಿ. ಆ ಹುಡುಗನಿಗೆ ನಾವು ಮುಂದಿನ ವಾರ ಕೊಟ್ಟ ಉತ್ತರ ಇಷ್ಟು: “ಕೆಲವು ವೇಳೆ ಉಂಟು, ತಮ್ಮಾ, ಆದರೆ ಯಾಕೆ ಬಂದಿರೆಂದು ಕೇಳುವ ಅಧಿಕಾರ ನಮಗೆ ಎಲ್ಲ ವೇಳೆಗೂ ಉಂಟು.” ಅವನು ಅದನ್ನು ತನ್ನ ವಹಿಯಲ್ಲಿ ಬರೆದುಕೊಂಡನು. ಅವನ ಮನೆಯಲ್ಲಿಯೂ ಅದನ್ನು ಓದಿ ಹೇಳಿದನೆಂದು ಆಮೇಲೆ ತಿಳಿಯಿತು.