‘ಹೋಗಿ ಬರುತ್ತೇನೆ’ ಮತ್ತು ಜಪಾನೀ ಕೈಪಿಡಿಗಳು

ಪರಭಾಷೆಯನ್ನು ಕಲಿಸುವ ಪ್ರವಾಸಿ ಕೈಪಿಡಿಗಳನ್ನು ವಿಮರ್ಶೆಗೆ ಎತ್ತಿಕೊಳ್ಳುವ ವಾಡಿಕೆ ನಮ್ಮ ಸಾಹಿತ್ಯ ಪತ್ರಿಕೆಗಳಲ್ಲಿ ಇಲ್ಲ. ಕಾವ್ಯ, ನಾಟಕ, ಕಾದಂಬರಿಗಳಿಗೆ ಮೀಸಲಾದ ಈ ಮನ್ನಣೆ ಅವುಗಳಿಗೆ ಸಲ್ಲತಕ್ಕುದಲ್ಲವೆಂದು ಹಲವರು ಬಗೆದಿರಬಹುದು. ಆದರೆ ಒಂದು ಜನಾಂಗದ ಮಾತನ್ನು ಇನ್ನೊಂದು ಜನಾಂಗದ ನಾಲಗೆಗೆ ತಂದಿಡುವ ಪುಸ್ತಕವೂ ಒಂದು ಬಗೆಯ ಅನುವಾದವೇ ಸರಿ. ಅನುವಾದವನ್ನು ಯಾವ ಒರೆಗಲ್ಲಿಗೆ ಉಜ್ಜುತ್ತೇವೆಯೋ ಅದೇ ಕಲ್ಲಿಗೆ ಇದನ್ನೂ ಉಜ್ಜಬೇಕೆಂಬುದು ನಮ್ಮ ಅಭಿಪ್ರಾಯ.

ಈ ವಿಷಯವನ್ನು ಈಗ ಎತ್ತಿಕೊಳ್ಳುವುದಕ್ಕೆ ಕಾರಣವುಂಟು. ಭಾರತ, ಜಪಾನ್ ಸರಕಾರಗಳು 2021ರ ಜನವರಿಯಲ್ಲಿ ಒಂದು ಒಡಂಬಡಿಕೆಗೆ ಸಹಿ ಹಾಕಿದ ಮೇಲೆ, ವೃದ್ಧರ ಶುಶ್ರೂಷೆ, ಬೇಸಾಯ, ಕಟ್ಟಡದ ಕೆಲಸ ಮೊದಲಾದ ಉದ್ಯೋಗಗಳಿಗಾಗಿ ನಮ್ಮ ತರುಣರು ಆ ದೇಶಕ್ಕೆ ಹೋಗುವ ದಾರಿ ತೆರೆದಿದೆ. ಅದಕ್ಕೆ ಜಪಾನೀ ಭಾಷೆಯ ಪ್ರಾಥಮಿಕ ಪರೀಕ್ಷೆಯೊಂದರಲ್ಲಿ ತೇರ್ಗಡೆಯಾಗಿರಬೇಕು. ಸೊಲ್ಲಾಪುರದಲ್ಲಿಯೂ ಅಕ್ಕಲಕೋಟೆ ತಾಲೂಕಿನ ಕನ್ನಡ ಹಳ್ಳಿಗಳಲ್ಲಿಯೂ ಈ ಸುದ್ದಿ ಹಬ್ಬಿದೆ. ಸುದ್ದಿಯ ಬೆನ್ನಿಗೇ ಒಂದು ಮಾತೂ ಹಬ್ಬಿದೆ: ಕನ್ನಡ ಮಾಧ್ಯಮದಲ್ಲಿ ಓದಿದವನು ಮೊದಲು ಇಂಗ್ಲಿಷ್ ಕಲಿಯಬೇಕು, ಆ ಮೇಲೆ ಜಪಾನೀ. ಮಗುವನ್ನು ಕನ್ನಡ ಶಾಲೆಯಿಂದ ಬಿಡಿಸಲು ಪಾಲಕರಿಗೆ ಹೊಸದೊಂದು ನೆವ ದೊರೆತಂತಾಯಿತು. ಈ ಮಾತು ನಿಜವೇ ಎಂಬುದೇ ನಮ್ಮ ಮುಂದಿನ ಪ್ರಶ್ನೆ.

ಪೇಟೆಯಲ್ಲಿ ಸಿಗುವ ಕೈಪಿಡಿಗಳಲ್ಲಿ ಹೆಚ್ಚಿನವು ಜಪಾನೀ ಮಾತನ್ನು ರೋಮನ್ ಅಕ್ಷರಗಳಲ್ಲಿ ಅಚ್ಚು ಹಾಕುತ್ತವೆ. ಈ ಪದ್ಧತಿಗೆ ಹೆಪ್‌ಬರ್ನ್ ಎಂಬ ಅಮೆರಿಕದ ಮಿಶನರಿ ವೈದ್ಯನ ಹೆಸರಿದೆ. ಆತನ ನಿಘಂಟು ಮೊದಲು ಹೊರಬಂದುದು 1867ರಲ್ಲಿ. ಇಂಗ್ಲಿಷ್ ಓದುವವರ ಕಿವಿಗಾಗಿ ಹೊಲಿದ ಅಂಗಿ ಅದು. ದೀರ್ಘಸ್ವರದ ಮೇಲೆ ಗೆರೆ ಎಳೆಯಬೇಕೆಂದು ಅಲ್ಲಿಯೂ ನಿಯಮವುಂಟು. ಆದರೆ ಅಗ್ಗದ ಕೈಪಿಡಿಗಳು ಆ ಗೆರೆಯನ್ನು ಬಿಟ್ಟುಬಿಡುತ್ತವೆ. ಪರಿಣಾಮವೇನಾಯಿತು? ‘ಒಬಸನ್’ ಎಂದರೆ ಅತ್ತೆ ಅಥವಾ ಚಿಕ್ಕಮ್ಮ, ‘ಒಬಾಸನ್’ ಎಂದರೆ ಅಜ್ಜಿ. ರೋಮನ್ ಪುಟದಲ್ಲಿ ಇಬ್ಬರೂ ಒಂದೇ ಆಗಿ ಕುಳಿತಿರುತ್ತಾರೆ. ನಮ್ಮ ಪತ್ರಿಕೆಗಳೂ ಇದೇ ಮೂಲದಿಂದ ಎರವಲು ತಂದು ‘ಒಸಾಕಾ’, ‘ಹಿರೋಶಿಮಾ’, ‘ನಾಗಾಸಾಕಿ’ ಎಂದು ಬರೆಯುತ್ತವೆ. ಜಪಾನಿನವರ ಬಾಯಲ್ಲಿ ಅವು ಓಸಕ, ಹಿರೊಶಿಮ, ನಗಸಕಿ. ದೀರ್ಘವಿದ್ದಲ್ಲಿ ಹ್ರಸ್ವ, ಹ್ರಸ್ವವಿದ್ದಲ್ಲಿ ದೀರ್ಘ! ಒಂದನೆಯ ಇಯತ್ತೆಯ ಮಗು ಹೀಗೆ ಬರೆದರೆ ನಾವು ಕೆಂಪು ಮಸಿಯಿಂದ ತಿದ್ದುತ್ತೇವೆ.

ಮರಾಠಿಯ ದಾರಿಯಿಂದ ಹೋಗೋಣವೆಂದರೆ, ಪುಣೆಯಲ್ಲಿ ಜಪಾನೀ ಕಲಿಕೆ ಬಹುಕಾಲದಿಂದ ನಡೆದುಬಂದಿರುವುದರಿಂದ ಆ ಆಸೆ ಸಹಜವೇ. ಆದರೆ ಮರಾಠಿಯ ನಾಗರಿ ಲಿಪಿಯಲ್ಲಿ ಎ, ಏ ಎಂಬ ಭೇದವಿಲ್ಲ. ಒ, ಓ ಎಂಬ ಭೇದವೂ ಇಲ್ಲ. ಜಪಾನೀ ಭಾಷೆಯಲ್ಲಿ ‘ಕೊಕೊ’ ಎಂದರೆ ‘ಇಲ್ಲಿ’, ‘ಕೋಕೋ’ ಎಂದರೆ ಪ್ರೌಢಶಾಲೆ. ‘ಎ’ ಎಂದರೆ ಚಿತ್ರ, ‘ಏ’ ಎಂದರೆ ‘ಹೌದು’. (ನಮ್ಮಲ್ಲಿ ‘ಏ’ ಎಂದರೆ ಏನಾಗುವುದೆಂಬುದನ್ನು ವಾಚಕರು ಬಲ್ಲರು.) ಇನ್ನೊಂದು ತೊಡಕುಂಟು. ಮರಾಠಿಯವರು ಪದದ ಕೊನೆಯ ಅಕಾರವನ್ನು ನುಂಗಿ ಓದುತ್ತಾರೆ. ‘ಹನ’ ಎಂದರೆ ಹೂವು. ಅದನ್ನು ನಾಗರಿಯಲ್ಲಿ ಇದ್ದಂತೆ ಬರೆದರೆ ‘ಹನ್’ ಎಂದಾದೀತು. ದೀರ್ಘ ಕೊಟ್ಟು ಬರೆದರೆ ‘ಹಾನಾ’ ಆಗಿ ಕೆಟ್ಟೀತು. ಕನ್ನಡದ ಎರಡು ಅಕ್ಷರಗಳು ಈ ಹೂವನ್ನು ಬಾಡದಂತೆ ಎತ್ತಿ ಹಿಡಿಯುತ್ತವೆ.

ಹಾಗೆಂದು ಮರಾಠಿಯನ್ನು ಹಳಿಯುವುದು ನ್ಯಾಯವಲ್ಲ. ‘ತ್ಸುನಮಿ’ಯ ಮೊದಲ ಧ್ವನಿ ಅಚ್ಚ ಕನ್ನಡದಲ್ಲಿಲ್ಲ, ಆದರೆ ಮರಾಠಿಯ ದಂತ್ಯ ಚಕಾರದಲ್ಲಿ ಇದೆ. ಅಕ್ಕಲಕೋಟೆಯ ಮಗು ಅದನ್ನು ಸಂತೆಯಲ್ಲಿಯೇ ಕಲಿತಿರುತ್ತದೆ. ಪ್ರಶ್ನೆ ಕೇಳುವಾಗ ಜಪಾನಿನವರು ವಾಕ್ಯದ ಕೊನೆಗೆ ‘ಕ’ ಎಂದು ಸೇರಿಸುತ್ತಾರೆ: ‘ಇಕಿಮಸು’ ಎಂದರೆ ಹೋಗುತ್ತೇನೆ, ‘ಇಕಿಮಸು ಕ’ ಎಂದರೆ ಹೋಗುತ್ತೀರಾ. ಮರಾಠಿಯ ‘ಕಾ’ ಕೇಳಿ ಬೆಳೆದವರಿಗೆ ಇದರಲ್ಲಿ ಕಲಿಯಬೇಕಾದುದೇನೂ ಉಳಿಯುವುದಿಲ್ಲ. ಎರಡು ಭಾಷೆಗಳ ಗಡಿಯಲ್ಲಿ ಬದುಕುವುದು ಹೊರೆಯೆಂದು ಗೊಣಗುವವರು ಇದನ್ನೂ ಲೆಕ್ಕಕ್ಕೆ ಹಿಡಿಯಲಿ.

ಜಪಾನೀ ವರ್ಣಮಾಲೆಯ ಕ್ರಮವನ್ನು ನೋಡಿದರೆ ಕನ್ನಡ ಶಿಕ್ಷಕನಿಗೆ ಹಳೆಯ ಪರಿಚಿತರನ್ನು ಕಂಡಂತಾಗುತ್ತದೆ. ಸ್ವರಗಳು ಅ, ಇ, ಉ, ಎ, ಒ. ವ್ಯಂಜನಗಳು ಕ, ಸ, ತ, ನ, ಹ, ಮ, ಯ, ರ, ವ. ಇದು ಆಕಸ್ಮಿಕವಲ್ಲ. ಬೋಧಿಸೇನನೆಂಬ ಭಾರತೀಯ ಭಿಕ್ಷು 736ರಲ್ಲಿ ಜಪಾನಿಗೆ ಹೋಗಿ, 752ರಲ್ಲಿ ನಾರಾ ನಗರದ ಮಹಾಬುದ್ಧನ ನೇತ್ರೋನ್ಮೀಲನ ಮಾಡಿದನು. ಅಲ್ಲಿಯ ಬೌದ್ಧ ಭಿಕ್ಷುಗಳು ಮಂತ್ರಗಳ ಸಲುವಾಗಿ ಸಿದ್ಧಂ ಲಿಪಿಯನ್ನು ಅಭ್ಯಾಸ ಮಾಡಿದರು. ಆ ವ್ಯಾಸಂಗದಿಂದಲೇ ಈ ಕ್ರಮ ಮೂಡಿತು. ಹಾಗಾದರೆ ಪಕಾರದ ಸ್ಥಾನದಲ್ಲಿ ಹಕಾರವೇಕೆ ಕುಳಿತಿದೆ? ಅವರ ಹಕಾರ ಪ್ರಾಚೀನ ಕಾಲದಲ್ಲಿ ಪಕಾರವಾಗಿದ್ದಿತೆಂದು ಭಾಷಾಶಾಸ್ತ್ರಜ್ಞರ ಮತ. ಹಳಗನ್ನಡದ ಪಾಲ್ ಹಾಲಾದುದನ್ನು, ಪೂ ಹೂವಾದುದನ್ನು ಪಾಠ ಹೇಳುವವರಿಗೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಬೇಕೇ? ರೋಮನ್ ಅಕಾರಾದಿಯಲ್ಲಿ ಪದಗಳನ್ನು ಜೋಡಿಸುವ ಕೈಪಿಡಿಗಳು ಇದೆಲ್ಲವನ್ನೂ ಕಸದ ಬುಟ್ಟಿಗೆ ಹಾಕುತ್ತವೆ.

ಮಾತ್ರೆಗಳ ವಿಷಯವೂ ಹೀಗೆಯೇ. ಜಪಾನೀ ಉಚ್ಚಾರ ನಡೆಯುವುದು ಮಾತ್ರೆಯ ಲೆಕ್ಕದಲ್ಲಿ. ‘ಕಿತೆ’ (ಬಂದು) ಎರಡು ಮಾತ್ರೆ. ‘ಕಿತ್ತೆ’ (ಅಂಚೆಚೀಟಿ) ಮೂರು. ‘ನಿಪ್ಪೊನ್’ ನಾಲ್ಕು, ‘ತೋಕ್ಯೋ’ ನಾಲ್ಕು, ‘ಅರಿಗತೋ’ ಐದು. ಷಟ್ಪದಿಗೆ ಪ್ರಸ್ತಾರ ಹಾಕಲು ಕಲಿತ ಏಳನೆಯ ಇಯತ್ತೆಯ ಹುಡುಗ ಲಘು ಗುರುಗಳನ್ನು ಎಣಿಸಿದರೆ ಇವೇ ಸಂಖ್ಯೆಗಳು ಬರುತ್ತವೆ. ಒತ್ತಕ್ಷರದ ಹಿಂದಿನದು ಗುರುವೆಂದು ಅವನಿಗೆ ಗೊತ್ತು. ಇಂಗ್ಲಿಷ್ ಕೈಪಿಡಿ ಅದನ್ನೇ ಅರ್ಧ ಪುಟದಲ್ಲಿ ವಿವರಿಸಿಯೂ ತಿಳಿಸಲಾರದೆ ಬಳಲುತ್ತದೆ.

ಇನ್ನು ವಾಕ್ಯಕ್ಕೆ ಬರೋಣ. ನಮ್ಮ ವಿಮರ್ಶೆಯ ಮುಖ್ಯ ಅಂಶ ಇಲ್ಲಿದೆ. ಜಪಾನಿನಲ್ಲಿ ಮನೆ ಬಿಟ್ಟು ಹೊರಡುವವರು ‘ಇತ್ತೆ ಕಿಮಸು’ ಎನ್ನುತ್ತಾರೆ. ಇಂಗ್ಲಿಷ್ ಕೈಪಿಡಿಗಳು ಇದಕ್ಕೆ ‘ನಾನು ಹೊರಟೆ’ ಎಂಬರ್ಥದ ಮಾತನ್ನೋ ‘ಆ ಮೇಲೆ ಕಾಣೋಣ’ ಎಂಬರ್ಥದ ಮಾತನ್ನೋ ಕೊಡುತ್ತವೆ. ಬಿಡಿಸಿ ನೋಡಿದರೆ ‘ಇತ್ತೆ’ ಎಂದರೆ ‘ಹೋಗಿ’, ‘ಕಿಮಸು’ ಎಂದರೆ ‘ಬರುತ್ತೇನೆ’. ಹೋಗಿ ಬರುತ್ತೇನೆ! ಬರಿಯ ‘ಹೋಗುತ್ತೇನೆ’ ಎಂದರೆ ಅಪಶಕುನವೆಂದು ನಮ್ಮ ಅವ್ವಂದಿರು ಗದರುವ ಮಾತು. ಮನೆಯಲ್ಲಿ ಉಳಿದವರು ‘ಇತ್ತೆರಶ್ಶೈ’ ಎಂದು ಮರುನುಡಿಯುತ್ತಾರೆ. ಅದು ನಮ್ಮ ‘ಹೋಗಿ ಬರ್ರಿ’. ಕನ್ನಡದಿಂದ ಹೆಜ್ಜೆಯಿಟ್ಟರೆ ನೇರವಾಗಿ ತಲುಪುವ ಮನೆಗೆ, ಇಂಗ್ಲಿಷಿನ ಮೂಲಕ ಏಳು ಕೆರೆ ಸುತ್ತಿ ಹೋಗಿ, ಕೊನೆಗೆ ಬೇರೆಯವರ ಬಾಗಿಲು ತಟ್ಟಿದಂತಾಯಿತು.

ಇದು ಒಂಟಿ ಉದಾಹರಣೆಯಲ್ಲ. ‘ತಬೆತೆ ಮಿಮಸು’ ಎಂದರೆ ತಿಂದು ನೋಡುತ್ತೇನೆ. ‘ತಬೆತೆ ಶಿಮೈಮಸು’ ಎಂದರೆ ತಿಂದುಬಿಡುತ್ತೇನೆ. ಅಂಗಡಿಯಲ್ಲಿ ಬಟ್ಟೆಯನ್ನು ‘ಉಟ್ಟು ನೋಡಬಹುದೇ’ ಎಂದು ಕೇಳುವಾಗಲೂ ಅವರು ಉಡುವ ಕ್ರಿಯೆಗೆ ನೋಡುವ ಕ್ರಿಯೆಯನ್ನೇ ಗಂಟುಹಾಕುತ್ತಾರೆ. ಕ್ರಿಯಾಪದ ಕೊನೆಗೆ, ವಿಭಕ್ತಿ ನಾಮಪದದ ಹಿಂದಿನಿಂದ, ಪೂರ್ವಕಾಲಿಕ ಕೃದಂತದ ಸರಪಳಿ. ಇವೆಲ್ಲ ನಮ್ಮವೇ. ಈ ಹೋಲಿಕೆಗಳನ್ನು ಕಂಡು ಸುಸುಮು ಓನೊ ಎಂಬ ಜಪಾನೀ ವಿದ್ವಾಂಸರು ತಮ್ಮ ಭಾಷೆಗೂ ತಮಿಳಿಗೂ ರಕ್ತಸಂಬಂಧವನ್ನೇ ಹೇಳಿದರು. ಬಹುಪಾಲು ಭಾಷಾಶಾಸ್ತ್ರಜ್ಞರು ಅದನ್ನು ಒಪ್ಪಲಿಲ್ಲ, ನಾವೂ ಅಷ್ಟು ದೂರ ಹೋಗಬೇಕಾಗಿಲ್ಲ. ನೆರೆಮನೆಯವರ ಮನೆಗಟ್ಟು ನಮ್ಮದರಂತೆಯೇ ಇದ್ದರೆ ಕತ್ತಲಲ್ಲಿ ಎಡವದೆ ನಡೆಯಲು ಅನುಕೂಲ. ಅವರು ನಮ್ಮ ದಾಯಾದಿಗಳಾಗಬೇಕೆಂದೇನೂ ಇಲ್ಲ.

ಶಿಷ್ಟಾಚಾರದ ಅಧ್ಯಾಯಗಳಲ್ಲಿ ಕೈಪಿಡಿಗಳ ಬಡತನ ಇನ್ನೂ ಎದ್ದು ಕಾಣುತ್ತದೆ. ಬಾಗಿಲಲ್ಲಿ ಪಾದರಕ್ಷೆ ಬಿಡಬೇಕು, ಸ್ನಾನದ ತೊಟ್ಟಿಗೆ ಇಳಿಯುವ ಮೊದಲು ಹೊರಗೇ ಮೈ ತೊಳೆದುಕೊಳ್ಳಬೇಕು, ಹೆಸರಿನ ಚೀಟಿಯನ್ನು ಎರಡೂ ಕೈಗಳಿಂದ ಕೊಡಬೇಕು, ಊಟದ ಕಡ್ಡಿಗಳನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಬಾರದು ಎಂದು ಅವು ವಿಚಿತ್ರ ಕಟ್ಟಳೆಗಳಂತೆ ಪಟ್ಟಿ ಮಾಡುತ್ತವೆ. ಪಾಶ್ಚಾತ್ಯ ಓದುಗನಿಗೆ ಅವು ವಿಚಿತ್ರವೇ ಇರಬಹುದು. ಸತ್ತವರ ಮುಂದೆ ಇಡುವ ಅನ್ನದಲ್ಲಿ ಕಡ್ಡಿ ನೆಡುತ್ತಾರೆಂದು ಒಂದು ಮಾತು ಹೇಳಿದರೆ, ಪಿಂಡದ ಅನ್ನವನ್ನು ಬಲ್ಲ ನಮ್ಮ ಮಗುವಿಗೆ ಬೇರೆ ನಿಯಮ ಬೇಕಾಗುವುದಿಲ್ಲ. ‘ಹೈ’ ಎಂಬುದಕ್ಕೆ ‘ಹೌದು’ ಎಂದು ಅರ್ಥ ಕೊಟ್ಟು ಕೈಬಿಡುವುದಂತೂ ಅಪಾಯಕರ. ಎದುರಿನವರು ಮಾತಾಡುವಾಗ ನಡುನಡುವೆ ‘ಹೈ, ಹೈ’ ಎನ್ನುವುದು ಅಲ್ಲಿಯ ಮರ್ಯಾದೆ. ಒಪ್ಪಿದೆನೆಂಬ ಅರ್ಥ ಅದಕ್ಕಿರಲೇಬೇಕೆಂದಿಲ್ಲ. ಇದನ್ನು ತಿಳಿಸಲು ಕನ್ನಡದಲ್ಲಿ ಒಂದೇ ಪದ ಸಾಕು: ಹೂಂಗುಟ್ಟುವುದು.

ಎಲ್ಲವೂ ಸುಲಭವೆಂದು ನಾವು ಹೇಳುತ್ತಿಲ್ಲ. ಮೂಲ ಹಿರಗನ ಅಕ್ಷರಗಳು 46. ಅವು ಒಂದು ತಿಂಗಳ ಕೆಲಸ. ಆದರೆ ಚೀನದಿಂದ ಬಂದ ಚಿತ್ರಾಕ್ಷರಗಳ ಬೆಟ್ಟ ಬೇರೆಯೇ ಇದೆ. ನಿತ್ಯೋಪಯೋಗಕ್ಕೆಂದು 2010ರಲ್ಲಿ ಗೊತ್ತುಪಡಿಸಿದವು 2136. ಅಲ್ಲಿಯ ಮಕ್ಕಳು ಪ್ರಾಥಮಿಕ ಶಾಲೆಯ ಆರು ವರ್ಷಗಳಲ್ಲಿಯೇ 1026ನ್ನು ಕಲಿಯುತ್ತಾರೆ. ಇಲ್ಲಿ ಕನ್ನಡವೂ ನೆರವಾಗದು, ಇಂಗ್ಲಿಷೂ ಆಗದು. ಬೆಟ್ಟ ಏರಿದವರು ನಮ್ಮೂರಿನಲ್ಲಿಯೂ ಇದ್ದರು. 1910ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿದ ಡಾ. ದ್ವಾರಕಾನಾಥ ಕೋಟ್ನಿಸರು, ಜಪಾನೀ ಸೈನ್ಯದ ದಾಳಿಗೆ ತುತ್ತಾದ ಚೀನಕ್ಕೆ 1938ರಲ್ಲಿ ಹೋಗಿ, ಗಾಯಾಳುಗಳ ನಡುವೆ ಚೀನೀ ಭಾಷೆಯನ್ನು ಕಲಿತು, ವೈದ್ಯ ವಿದ್ಯಾರ್ಥಿಗಳಿಗೆ ಪಾಠ ಹೇಳಿ, 1942ರಲ್ಲಿ ಅಲ್ಲಿಯೇ ತೀರಿಕೊಂಡರು.

ಕೊನೆಯದಾಗಿ ಗೌರವವಾಚಕಗಳ ಮಾತು. ಇಂಗ್ಲಿಷ್ ಕೈಪಿಡಿಗಳು ‘ದೆಸು’, ‘ಮಸು’ ಎಂಬ ಅಂತ್ಯಗಳನ್ನು ಸಭ್ಯತೆಯ ರೂಪವೆಂದು ಹೇಳಿ ಮುಂದೆ ಸಾಗುತ್ತವೆ. ಅವು ಯಾರಿಗೆ ಸಲ್ಲುವ ಗೌರವ? ಯಾರ ವಿಷಯ ಮಾತಾಡುತ್ತೇವೆಯೋ ಅವರಿಗಲ್ಲ, ಕೇಳುತ್ತಿರುವವರಿಗೆ. ಇದನ್ನು ತಿಳಿಯಲು ನಮ್ಮ ಭಾಗದ ‘ರಿ’ಯನ್ನು ನೆನೆದರಾಯಿತು. ‘ಮಳಿ ಬಂತ್ರಿ’ ಎಂಬಲ್ಲಿ ಗೌರವ ಮಳೆಗೆ ಸಲ್ಲುವುದಿಲ್ಲವಷ್ಟೆ! ಗ್ರಂಥಸ್ಥ ಕನ್ನಡದಲ್ಲಿಲ್ಲದ ಈ ಸೌಕರ್ಯ ಅಕ್ಕಲಕೋಟೆಯ ಓಣಿಯಲ್ಲಿದೆ. ಅದಕ್ಕಿಂತಲೂ ಸ್ವಾರಸ್ಯದ ಸಂಗತಿ ಇನ್ನೊಂದುಂಟು. ಜಪಾನಿನವನು ಹೊರಗಿನವರ ಮುಂದೆ ತನ್ನ ತಂದೆಯನ್ನು ‘ಚಿಚಿ’ ಎಂದು ಸಾದಾ ಪದದಿಂದ ಹೇಳುತ್ತಾನೆ. ‘ಒತೋಸನ್’ ಎಂಬ ಗೌರವದ ಪದ ಎದುರಿನವರ ತಂದೆಗೆ. ಶಾಲೆಯ ಕನ್ನಡದ ‘ನಮ್ಮ ತಂದೆಯವರು ಬಂದಿದ್ದಾರೆ’ ಎಂಬ ವಾಕ್ಯ ಅಲ್ಲಿ ತಪ್ಪುದಾರಿಗೆ ಎಳೆಯುತ್ತದೆ. ತರಗತಿಯಲ್ಲಿ ತಿದ್ದಿಸಿಕೊಳ್ಳುವ ‘ನಮ್ಮಪ್ಪ ಬಂದಾನ್ರಿ’ ಎಂಬ ಹಳ್ಳಿಯ ಮಾತೋ, ತಂದೆಗೆ ಏಕವಚನವನ್ನೂ ಕೇಳುವವರಿಗೆ ಮರ್ಯಾದೆಯನ್ನೂ ಕೊಟ್ಟು, ಜಪಾನೀ ವಾಕ್ಯದ ಪಡಿಯಚ್ಚಾಗಿ ನಿಲ್ಲುತ್ತದೆ. ಆದರೆ ಅವರು ಇದೇ ನಿಯಮವನ್ನು ಕಚೇರಿಗೂ ಒಯ್ಯುತ್ತಾರೆ. ಹೊರಗಿನವರು ದೂರವಾಣಿಯಲ್ಲಿ ಮೇಲಧಿಕಾರಿಯನ್ನು ಕೇಳಿದಾಗ, ಕೈಕೆಳಗಿನವನು ಆ ಅಧಿಕಾರಿಯ ಹೆಸರಿಗೆ ‘ಸನ್’ ಸೇರಿಸದೆ, ಬರಿಯ ಹೆಸರಿನಿಂದ ‘ಈಗ ಇಲ್ಲಿಲ್ಲ’ ಎಂದು ಹೇಳಬೇಕು. ‘ಸಾಹೇಬ ಇಲ್ಲರಿ’ ಎಂದು ಏಕವಚನದಲ್ಲಿ ನುಡಿಯಲು ನಮ್ಮ ಹುಡುಗರ ನಾಲಗೆ ಹಿಂಜರಿಯದೆ ಇರದು. ಕನ್ನಡದಲ್ಲಿ ಕೈಪಿಡಿ ಬರೆಯಹೊರಟವರು ‘ಇತ್ತೆ ಕಿಮಸು’ವಿಗೆ ಒಂದು ಸಾಲು ಕೊಟ್ಟರೆ ಸಾಕು, ಇದಕ್ಕೆ ಮಾತ್ರ ನಾಲ್ಕು ಪುಟ ಬೇಕಾದೀತು.