ಮೂವರು ಸಂಪ್ರದಾಯನಿಷ್ಠರು, ಒಂದು ಕೆರೆ

ಡಿ.ವಿ. ಗುಂಡಪ್ಪ, ಮಾಸ್ತಿ ವೆಂಕಟೇಶ ಅಯ್ಯಂಗಾರ್, ಎಸ್.ಎಲ್. ಭೈರಪ್ಪ—ಈ ಮೂವರಿಗೂ ಸಂಪ್ರದಾಯನಿಷ್ಠರೆಂಬ ಒಂದೇ ಹಣೆಪಟ್ಟಿ ಅಂಟಿಸುವುದು ನಮ್ಮಲ್ಲಿ ವಾಡಿಕೆಯಾಗಿದೆ. ಹಳೆಯದರಲ್ಲಿ ಗೌರವ ಮೂವರಿಗೂ ಉಂಟು, ನಿಜ. ಆದರೆ ಸಮಾಜವು ಯಾವುದರ ಬಲದಿಂದ ನಿಂತಿದೆಯೆಂದು ಕೇಳಿದರೆ ಮೂವರ ಉತ್ತರವೂ ಬೇರೆ ಬೇರೆ. ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ಹೊಸದಾಗಿ ಮನೆ ಹೂಡಿದವರಿಗೆ ಈ ಭೇದ ಬರಿಯ ಪಂಡಿತರ ಚರ್ಚೆಯಲ್ಲ.

ಮಾಸ್ತಿಯವರ ‘ಚಿಕವೀರ ರಾಜೇಂದ್ರ’ 1956ರ ಕೃತಿ; 1834ರಲ್ಲಿ ಕೊಡಗು ಇಂಗ್ಲಿಷರ ಪಾಲಾದ ಕಥೆ. ಅಲ್ಲಿ ಪರದೇಶದ ಸೈನ್ಯ ಬರುವ ಮೊದಲೇ ಸೋಲು ಮುಗಿದಿರುತ್ತದೆ. ದೊರೆಗೂ ಮಂತ್ರಿಗೂ, ಅರಮನೆಗೂ ಪ್ರಜೆಗೂ ನಡುವಣ ನಂಬಿಕೆ ಕಡಿದುಹೋದಾಗಲೇ ನಾಡು ಕೆಟ್ಟಿತು. ಮಾಸ್ತಿಯವರ ಪಾಲಿಗೆ ಸಮಾಜವೆಂದರೆ ಒಬ್ಬರನ್ನೊಬ್ಬರು ಬಲ್ಲವರ ನಡುವಣ ಮರ್ಯಾದೆ.

ಭೈರಪ್ಪನವರ ‘ವಂಶವೃಕ್ಷ’ (1965) ಮನೆತನದ ಕಥೆ. ಇದನ್ನು ಕುಲಗೌರವದ ಸ್ತೋತ್ರವೆಂದು ಮೆಚ್ಚಿದವರೂ ಹಾಗೆಂದೇ ಹಳಿದವರೂ ಕೊನೆಯ ಭಾಗವನ್ನು ಸರಿಯಾಗಿ ಗಮನಿಸಿದಂತಿಲ್ಲ. ವಂಶಕ್ಕಾಗಿ ಇಡೀ ಬಾಳನ್ನು ತೆತ್ತ ಶ್ರೀನಿವಾಸ ಶ್ರೋತ್ರಿಗಳಿಗೆ, ತಾವು ಆ ವಂಶದ ರಕ್ತವೇ ಅಲ್ಲವೆಂದು ತಿಳಿಯುತ್ತದೆ. ಆಗ ಅವರಿಗೆ ಉಳಿಯುವುದು ತಮ್ಮ ನಡತೆಯೊಂದೇ. ತಾನು ಕುಳಿತ ಕೊಂಬೆಗೆ ಲೇಖಕನೇ ಕೊಡಲಿ ಹಾಕಿ ನೋಡಿದ್ದಾನೆ. ಕೃತಿಯ ಹಿರಿಮೆ ಅದರಲ್ಲಿದೆ.

ಗುಂಡಪ್ಪನವರ ಉಪಮೆ ಮರ. ‘ಮಂಕುತಿಮ್ಮನ ಕಗ್ಗ’ದ ಓದುಗರಿಗೆ ಅದು ಚಿರಪರಿಚಿತ. ಆದರೆ ಮುಳಬಾಗಿಲಿನಲ್ಲಿ ಹುಟ್ಟಿ ಬೆಂಗಳೂರಿಗೆ ಬಂದು ನೆಲೆಸಿದ ಅವರು ಸಿಕ್ಕಿದ ಮರದ ನೆರಳಲ್ಲಿ ಸುಮ್ಮನೆ ಕೂರಲಿಲ್ಲ. 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ನೆಟ್ಟರು. ‘ಜ್ಞಾಪಕ ಚಿತ್ರಶಾಲೆ’ಯಲ್ಲಿ ವಿದ್ವಾಂಸರನ್ನು, ಸಂಗೀತಗಾರರನ್ನು, ಅಧಿಕಾರಿಗಳನ್ನು ಬಂಧುಗಳಂತೆ ನೆನೆದರು. ಸಮಾಜ ಬೆಳೆದುಬಂದದ್ದು, ಹಾಗೆಯೇ ಬೆಳೆಸಬೇಕಾದದ್ದು ಎಂಬುದು ಅವರ ಬಾಳಿನಿಂದ ತಿಳಿಯುವ ಅರ್ಥ.

ಈ ಮೂರು ಮತಗಳನ್ನು ಬೆಂಗಳೂರಿನ ಹೊರವಲಯದಲ್ಲಿಟ್ಟು ಒರೆಹಚ್ಚಿ ನೋಡಬಹುದು. ವೈಟ್‌ಫೀಲ್ಡ್ ಎಂಬುದೇ ನೆಟ್ಟು ಬೆಳೆಸಿದ ಊರು. 1882ರಲ್ಲಿ ಚಾಮರಾಜ ಒಡೆಯರು ಕೊಟ್ಟ ಭೂಮಿಯಲ್ಲಿ ಆಂಗ್ಲೋ-ಇಂಡಿಯನ್ನರು ಬೇಸಾಯದ ನೆಲೆ ಹೂಡಿದರು. ಎಲೆಕ್ಟ್ರಾನಿಕ್ ಸಿಟಿ 1970ರ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಹಾಕಿದ ಬುನಾದಿ. ಇಂಥ ಕಡೆ ಪಕ್ಕದ ಬಾಗಿಲಿನವರ ಹೆಸರು ತಿಳಿಯದು. ಅಜ್ಜನ ಸಮಾಧಿ ಎಲ್ಲೋ ದೂರದ ಊರಿನಲ್ಲಿ. ಆದರೂ ಪಿತ್ರಾರ್ಜಿತವೊಂದು ಇದೆ. ಅದು ಕೆರೆ. ಹಿಂದೆ ಊರೂರಿನಲ್ಲಿ ನೀರುಗಂಟಿಯೊಬ್ಬನಿದ್ದು ತೂಬು ಕಾಯ್ದು ಗದ್ದೆಗೆ ನೀರು ಹಂಚುತ್ತಿದ್ದ. 2017ರಲ್ಲಿ ಬೆಳ್ಳಂದೂರಿನ ಕೆರೆಗೆ ಬೆಂಕಿಯೇ ಹೊತ್ತಿಕೊಂಡಿತು.

ಈ ಕೆರೆ ಯಾರದು? ವಂಶವೇ ಸಮಾಜವಾದರೆ ವಲಸೆ ಬಂದವನಿಗೆ ಅದರ ಹಂಗಿಲ್ಲ. ಪರಿಚಯವೇ ಸಮಾಜವಾದರೆ ಅವನ ಹೊಣೆ ಪರಿಚಿತರ ಮಟ್ಟಿಗೆ ನಿಂತಿತು. ಇಲ್ಲಿ ವಾಸಿಸುವವರೆಲ್ಲ ಇಲ್ಲಿಯ ಹಳೆಯದಕ್ಕೆ ವಾರಸುದಾರರೆಂದು ಹೇಳಲು ಗುಂಡಪ್ಪನವರ ದಾರಿಯೊಂದರಿಂದಲೇ ಸಾಧ್ಯ.

ಆದರೆ ಮರದ ಉಪಮೆಗೂ ಒಂದು ಕೊರತೆಯುಂಟು. ನೆರಳಿನಿಂದ ಯಾರನ್ನು ಹೊರಗೆ ನಿಲ್ಲಿಸಿದರೆಂಬುದನ್ನು ಅದು ಹೇಳುವುದಿಲ್ಲ. ಹಳೆಯ ಊರಿನ ಕೆರೆಬಾವಿಗಳು ಎಲ್ಲ ಜಾತಿಯವರಿಗೂ ಸಮನಾಗಿ ತೆರೆದಿರಲಿಲ್ಲ. 1975ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ‘ದಾಟು’ ಕಾದಂಬರಿಯಲ್ಲಿ ಜಾತಿಯ ಪ್ರಶ್ನೆಯನ್ನು ಬಿಡದೆ ಕೆದಕಿದವರು ಭೈರಪ್ಪನವರೇ. ಆದ್ದರಿಂದ ಗುಂಡಪ್ಪನವರನ್ನು ಓದುವಾಗ ಪಕ್ಕದಲ್ಲಿ ‘ದಾಟು’ ಇರಬೇಕು.

ಹಳೆಯದನ್ನು ಉಳಿಸಬೇಕೆನ್ನುವವರು ಏನನ್ನು, ಯಾರಿಗಾಗಿ ಎಂಬುದನ್ನು ಮೊದಲು ಹೇಳಬೇಕು. ಮನೆಯಲ್ಲಿ ಪಂಚಾಂಗ ಇಟ್ಟುಕೊಂಡು, ಬಚ್ಚಲ ನೀರು ಕೆರೆಗೆ ಹರಿಯುವುದನ್ನು ನೋಡಿಯೂ ಸುಮ್ಮನಿರುವವರನ್ನು ಸಂಪ್ರದಾಯನಿಷ್ಠರೆಂದು ಈ ಮೂವರಲ್ಲಿ ಯಾರೂ ಒಪ್ಪಲಾರರು.