ಅಲೈನರಿನ ಕೀರ್ತಿ, ತಂತಿಯ ಕೆಲಸ

ಉಬ್ಬುಹಲ್ಲು, ವಕ್ರಹಲ್ಲುಗಳನ್ನು ಸಾಲಿಗೆ ತರುವ ವಿದ್ಯೆಯಲ್ಲಿ ಪಾರದರ್ಶಕ ಅಲೈನರಿಗೆ ಈಚಿನ ವರ್ಷಗಳಲ್ಲಿ ದೊರೆತಿರುವ ಕೀರ್ತಿ ಅದು ಮಾಡುವ ಕೆಲಸಕ್ಕಿಂತ ಬಹಳ ಮುಂದೆ ಓಡಿದೆ. ಹಲ್ಲಿನ ಸಾಲನ್ನು ಪೂರ್ತಿ ಮುಚ್ಚಿ ಕೂರುವ, ಬೇಕೆಂದಾಗ ತೆಗೆದಿಡಬಹುದಾದ ಈ ತೆಳು ಪ್ಲಾಸ್ಟಿಕ್ ಕವಚವೇ ತಂತಿಯ ಚಿಕಿತ್ಸೆಗೆ, ಅಂದರೆ ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಕ್ಲಿಪ್ ಹಾಕಿಸುವುದು ಎಂದು ಹೇಳುವ ಚಿಕಿತ್ಸೆಗೆ, ಉತ್ತರಾಧಿಕಾರಿ ಎಂಬ ನಂಬಿಕೆ ವಿದ್ಯಾನಗರದಿಂದ ಸಪ್ತಾಪುರದವರೆಗೆ ಹಬ್ಬಿದೆ. 1997ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಜಿಯಾ ಚಿಶ್ತಿ ಮತ್ತು ಕೆಲ್ಸಿ ವರ್ತ್ ಅಲೈನ್ ಟೆಕ್ನಾಲಜಿ ಕಂಪನಿಯನ್ನು ಆರಂಭಿಸಿದ್ದು, ಅದರ ಇನ್ವಿಸಲೈನ್ ಲೋಕಪ್ರಸಿದ್ಧವಾದದ್ದು, 2017ರಿಂದ ಪೇಟೆಂಟುಗಳು ಒಂದೊಂದಾಗಿ ಮುಗಿಯತೊಡಗಿ ಭಾರತದ ತಯಾರಕರೂ ಈ ಮಾರುಕಟ್ಟೆಗೆ ಇಳಿದದ್ದು ಬಲ್ಲವರಿಗೆ ಹೊಸದಲ್ಲ. ಪರಿಶೀಲಿಸಬೇಕಾದದ್ದು ಈ ಕೀರ್ತಿ ಯಾವುದರ ಮೇಲೆ ನಿಂತಿದೆ ಎಂಬುದನ್ನು.

ಅದು ನಿಂತಿರುವುದು ಪ್ಲಾಸ್ಟಿಕ್ಕಿನ ಮೇಲಲ್ಲ, ಒಂದು ಚಲನಚಿತ್ರದ ಮೇಲೆ. ಬಾಯಿಯನ್ನು ಸ್ಕ್ಯಾನ್ ಮಾಡಿದ ಮೇಲೆ ಕಂಪ್ಯೂಟರ್ ಪರದೆಯಲ್ಲಿ ರೋಗಿಯದೇ ಹಲ್ಲುಗಳು ಮೂಡಿ, ಕೆಲವೇ ಕ್ಷಣಗಳಲ್ಲಿ ಜಾರಿ, ತಿರುಗಿ, ಅಂದವಾದ ಕಮಾನಿನಲ್ಲಿ ನಿಲ್ಲುತ್ತವೆ. ನಡುವಿನ ಒಂದೊಂದು ಹಂತಕ್ಕೂ ಒಂದೊಂದು ಕವಚ ತಯಾರಾಗುತ್ತದೆ. ಪ್ರತಿ ಕವಚ ಹಲ್ಲನ್ನು ಸುಮಾರು 0.25 ಮಿಲಿಮೀಟರ್ ಸರಿಸಬೇಕು, ದಿನಕ್ಕೆ 20ರಿಂದ 22 ಗಂಟೆ ಬಾಯಲ್ಲಿರಬೇಕು, ಒಂದೆರಡು ವಾರಕ್ಕೊಮ್ಮೆ ಬದಲಾಗಬೇಕು. ಪರದೆಯ ಮೇಲೆ ಇದು ಲೆಕ್ಕ ಹಾಕಿದಂತೆ ನಡೆಯುತ್ತದೆ, ಏಕೆಂದರೆ ಅಲ್ಲಿ ಚಲಿಸುವ ಹಲ್ಲಿಗೆ ಎದುರಾಗಿ ನಿಲ್ಲುವ ಮೂಳೆಯೇ ಇಲ್ಲ. ರೋಗಿ ಒಪ್ಪಿ ಹಣ ಕಟ್ಟುವುದು ಈ ಚಿತ್ರವನ್ನು ನೋಡಿ. ಚಿಕಿತ್ಸೆಯ ಬಯಕೆಯೊಂದನ್ನು ಚಿಕಿತ್ಸೆಯ ಫಲವೆಂದು ತೋರಿಸುವ ಈ ಕ್ರಮವನ್ನು ವೃತ್ತಿಯವರು ಇಷ್ಟು ಸಲೀಸಾಗಿ ಒಪ್ಪಿಕೊಂಡದ್ದು ಆಶ್ಚರ್ಯ.

ತಿರುಗಿ ನಿಂತ ಒಂದು ಕೋರೆಹಲ್ಲನ್ನು ತೆಗೆದುಕೊಂಡರೆ ಸಾಕು, ಚಿತ್ರಕ್ಕೂ ಬಾಯಿಗೂ ಇರುವ ಅಂತರ ಗೊತ್ತಾಗುತ್ತದೆ. ಹಲ್ಲಿನ ಬೇರಿಗೂ ದವಡೆಯ ಮೂಳೆಗೂ ನಡುವೆ ಸುಮಾರು 0.2 ಮಿಲಿಮೀಟರ್ ದಪ್ಪದ ನಾರುಪದರವಿದೆ. ಒತ್ತಡ ಬಿದ್ದ ಕಡೆ ಮೂಳೆ ಕರಗುತ್ತದೆ, ಎಳೆತ ಬಿದ್ದ ಕಡೆ ಹೊಸ ಮೂಳೆ ಕಟ್ಟುತ್ತದೆ, ಹೀಗೆ ಹಲ್ಲು ಸರಿಯುತ್ತದೆ. ಆದ್ದರಿಂದ ಹೊರಗೆ ಕಾಣುವ ಭಾಗವನ್ನು ದೂಡುವುದಷ್ಟೇ ಚಿಕಿತ್ಸೆಯಲ್ಲ, ಬಲ ಬೇರಿನ ತುದಿಯವರೆಗೆ ಇಳಿಯಬೇಕು. ಎಡ್ವರ್ಡ್ ಆ್ಯಂಗಲ್ 1928ರಲ್ಲಿ ಪ್ರಕಟಿಸಿದ ಎಡ್ಜ್‌ವೈಸ್ ವಿಧಾನದ ಹೆಚ್ಚುಗಾರಿಕೆ ಇರುವುದು ಇಲ್ಲಿಯೇ: ಹಲ್ಲಿನ ಮೇಲೆ ಕೂರಿಸಿದ ಬ್ರಾಕೆಟ್ಟಿನ ಆಯತಾಕಾರದ ಸೀಳಿನಲ್ಲಿ ಆಯತಾಕಾರದ ತಂತಿ ಬಿಗಿಯಾಗಿ ಕೂತು ತಿರುಚಿಕೊಂಡಾಗ, ಆ ತಿರುಚು ಬೇರನ್ನು ಮುಟ್ಟುತ್ತದೆ. ಅಲೈನರಿಗೆ ಇಂಥ ಹಿಡಿತವಿಲ್ಲ. ಕೋರೆಹಲ್ಲು ದುಂಡಗೆ, ನುಣುಪಾಗಿ, ತುದಿಗೆ ಚೂಪಾಗಿರುವುದರಿಂದ ಕವಚ ಅದನ್ನು ತಿರುಗಿಸಲು ಹೋದರೆ ಎಣ್ಣೆಗೈಯಲ್ಲಿ ಬಾಟಲಿಯ ಮುಚ್ಚಳ ತಿರುಗಿಸಿದಂತೆ ಜಾರುತ್ತದೆ. ಒಸಡಿನಿಂದ ಹೊರಕ್ಕೆ ಎಳೆಯುವ ಕೆಲಸದಲ್ಲಿ ಇನ್ನೂ ಹೆಚ್ಚು ಜಾರುತ್ತದೆ. ಈ ಕೊರತೆ ತುಂಬಲು ಹಲ್ಲಿನ ಮೇಲೆ ಹಲ್ಲಿನದೇ ಬಣ್ಣದ ರಾಳದ ಗುಬ್ಬಿಗಳನ್ನು ಅಂಟಿಸುತ್ತಾರೆ. ಇವಕ್ಕೆ ಅಟ್ಯಾಚ್‌ಮೆಂಟ್ ಎನ್ನುತ್ತಾರೆ. ಅಂದರೆ ಏನನ್ನೂ ಅಂಟಿಸದೆ ಹಲ್ಲು ನೇರ ಮಾಡುವುದಾಗಿ ಹೊರಟ ವಿಧಾನ ಬ್ರಾಕೆಟ್ಟಿನ ಅಣ್ಣತಮ್ಮನನ್ನೇ ಹಿಂಬಾಗಿಲಿನಿಂದ ಕರೆತಂದಿದೆ. ಇಷ್ಟಾಗಿಯೂ 2009ರಲ್ಲಿ ನೀಲ್ ಕ್ರಾವಿಟ್ಜ್ ಮತ್ತು ಸಂಗಡಿಗರು 37 ರೋಗಿಗಳ 401 ಮುಂಭಾಗದ ಹಲ್ಲುಗಳನ್ನು ಅಳೆದಾಗ, ಕಂಪ್ಯೂಟರ್ ಹೇಳಿದ ಚಲನೆಯಲ್ಲಿ ಸರಾಸರಿ ಶೇ. 41ರಷ್ಟು ಮಾತ್ರ ಬಾಯಲ್ಲಿ ನಡೆದಿತ್ತು. ಹೊರಕ್ಕೆ ಎಳೆಯುವ ಚಲನೆಯಲ್ಲಿ ಅದು ಶೇ. 29.6ಕ್ಕೆ ಇಳಿದಿತ್ತು, ಮೇಲಿನ ಕೋರೆಹಲ್ಲು 15 ಡಿಗ್ರಿಗಿಂತ ಹೆಚ್ಚು ತಿರುಗಬೇಕಾದಾಗ ನಿಖರತೆ ಗಣನೀಯವಾಗಿ ಕುಸಿದಿತ್ತು.

ಅಲೈನರಿನ ಪರ ವಾದಿಸುವವರು ಇಲ್ಲಿ ಎರಡು ಮಾತು ಮುಂದಿಡುತ್ತಾರೆ. ಅದು ಹಳೆಯ ಪ್ಲಾಸ್ಟಿಕ್, ಈಗಿನದು ಉತ್ತಮವಾಗಿದೆ ಎಂಬುದು ಮೊದಲನೆಯದು. ಕ್ರಾವಿಟ್ಜ್ ಅವರೇ ಸಹಲೇಖಕರಾಗಿದ್ದ 2020ರ ಅಧ್ಯಯನದಲ್ಲಿ ಸರಾಸರಿ ಶೇ. 50ಕ್ಕೆ ಏರಿದ್ದು ನಿಜ; ಆದರೆ ಒಂದು ದಶಕದ ಸುಧಾರಣೆಯ ಬಳಿಕ ಅರ್ಧ ದಾರಿ ತಲುಪಿದ್ದನ್ನು ವಿಜಯವೆಂದು ಸಾರುವ ಧೈರ್ಯ ಬೇರೆ ಯಾವ ಚಿಕಿತ್ಸೆಯ ವಕೀಲರಿಗೂ ಬಂದಂತಿಲ್ಲ, ಮತ್ತು ಆ ಅಧ್ಯಯನದಲ್ಲೂ ತಿರುಗಿಸುವ ಚಲನೆಯೇ ಎಲ್ಲಕ್ಕಿಂತ ಹಿಂದೆ ಉಳಿದಿದೆ. ಉಳಿದರ್ಧಕ್ಕೆ ಮತ್ತೆ ಸ್ಕ್ಯಾನ್, ಮತ್ತೆ ಕವಚಗಳ ಸರಣಿ. ಇದಕ್ಕೆ ರಿಫೈನ್‌ಮೆಂಟ್ ಎಂಬ ಮರ್ಯಾದಸ್ಥ ಹೆಸರಿದೆ. ಎರಡನೆಯ ಮಾತು ಹೆಚ್ಚು ಜಾಣತನದ್ದು: ರೋಗಿ ಹೇಳಿದಷ್ಟು ಹೊತ್ತು ಹಾಕಿಕೊಳ್ಳಲಿಲ್ಲ, ಆದ್ದರಿಂದ ಫಲ ಬರಲಿಲ್ಲ ಎನ್ನುವುದು. ತೆಗೆದಿಡಬಹುದೆಂಬುದನ್ನೇ ಗುಣವೆಂದು ಮಾರಿದ ಮೇಲೆ, ತೆಗೆದಿಟ್ಟದ್ದನ್ನು ರೋಗಿಯ ತಪ್ಪೆಂದು ಬರೆದುಕೊಳ್ಳುವುದು ನ್ಯಾಯವಲ್ಲ. ಅದು ಉಪಕರಣದ ಸ್ವಭಾವದ ಲೆಕ್ಕಕ್ಕೇ ಸೇರಬೇಕು. ತಂತಿಯನ್ನು ಹೊಗಳುವವರು ಹಣದಾಸೆಯ ಹಳಬರು ಎಂಬ ಗೇಲಿಯೂ ಕೇಳಿಬರುತ್ತದೆ, ಅಲೈನರ್ ತಂತಿಗಿಂತ ಸಾಮಾನ್ಯವಾಗಿ ದುಬಾರಿ ಎಂಬುದನ್ನು ಮರೆತಂತೆ. 2005ರಲ್ಲಿ ಗ್ಯಾರೆಟ್ ಜೂ ಮತ್ತು ಸಂಗಡಿಗರು ಎರಡೂ ವಿಧಾನದ ತಲಾ 48 ರೋಗಿಗಳನ್ನು ಅಮೆರಿಕದ ವಕ್ರದಂತ ಚಿಕಿತ್ಸಾ ಮಂಡಳಿಯ ಅಂಕಪದ್ಧತಿಯಲ್ಲಿ ಹೋಲಿಸಿದಾಗ ಅಲೈನರಿನ ಗುಂಪು ಸರಾಸರಿ 13 ಅಂಕ ಹೆಚ್ಚು ಕಳೆದುಕೊಂಡಿತ್ತು; ಮೇಲಿನ, ಕೆಳಗಿನ ಹಲ್ಲುಗಳು ಕಚ್ಚುವಾಗ ಕೂಡಿಕೊಳ್ಳುವ ಬಗೆಯಲ್ಲಿ ಕೊರತೆ ಎದ್ದು ಕಂಡಿತ್ತು. ನಗುವಾಗ ಅದು ಕಾಣದು, ಉಣ್ಣುವಾಗ ಗೊತ್ತಾಗುತ್ತದೆ.

22 ಗಂಟೆಯ ನಿಯಮವನ್ನು ಧಾರವಾಡ ಸೀಮೆಯ ದಿನಚರಿಯ ಮೇಲೆ ಇಟ್ಟು ನೋಡಬೇಕು. ಕವಚ ಬಾಯಲ್ಲಿರುವಾಗ ನೀರಿನ ಹೊರತು ಏನನ್ನೂ ಕುಡಿಯುವಂತಿಲ್ಲ, ಬಿಸಿ ಚಹಾ ಪ್ಲಾಸ್ಟಿಕ್ಕನ್ನು ಸೊಟ್ಟಗೊಳಿಸುತ್ತದೆ, ಕಲೆಯನ್ನೂ ಬಿಡುತ್ತದೆ. ಎರಡು ಹೊತ್ತಿನ ಊಟ, ನಾಷ್ಟಾ, ಸಂಜೆಯ ಗಿರ್ಮಿಟ್ಟು-ಮಿರ್ಚಿ, ಯಾರೇ ಸಿಕ್ಕರೂ ಅರ್ಧ ಕಪ್ ಚಹಾ, ಪ್ರತಿ ಸಲ ಬಾಯಿ ಮುಕ್ಕಳಿಸುವುದು, ಹಲ್ಲುಜ್ಜುವುದು, ಇಷ್ಟೂ ಎರಡು ಗಂಟೆಯಲ್ಲಿ ಮುಗಿಯಬೇಕು. ಅಲೈನರಿನ ಪರವಾಗಿ ಹೇಳಲೇಬೇಕಾದ ಮಾತೂ ಇಲ್ಲಿಯೇ ಇದೆ: ಕಟಕ್ ರೊಟ್ಟಿ ಬ್ರಾಕೆಟ್ ಕೀಳುತ್ತದೆ, ಕವಚ ತೆಗೆದಿಟ್ಟವನಿಗೆ ಆ ಭಯವಿಲ್ಲ, ಹಲ್ಲುಜ್ಜುವುದು ಸುಲಭ, ಒಸಡು ಸ್ವಚ್ಛವಾಗಿರುತ್ತದೆ, ತಂತಿಯ ತುದಿ ಕೆನ್ನೆಗೆ ಚುಚ್ಚುವುದಿಲ್ಲ. ಸ್ವಲ್ಪವೇ ಸಂದಿ, ಸ್ವಲ್ಪವೇ ಇಕ್ಕಟ್ಟು ಇರುವ ವಯಸ್ಕರಿಗೆ ಇದು ಸಾಕು.

ಆದರೆ ದಕ್ಷಿಣ ಭಾರತದ ಚಿಕಿತ್ಸಾಲಯಗಳಿಗೆ ಬರುವವರಲ್ಲಿ ಎರಡೂ ದವಡೆಯ ಹಲ್ಲು ಮುಂದೆ ಚಾಚಿದವರು ಬಹಳ. ಅವರಿಗೆ ನಾಲ್ಕು ಮುಂದವಡೆ ಹಲ್ಲುಗಳನ್ನು ಕೀಳಿಸಿ ಆ ಜಾಗಕ್ಕೆ ಮುಂದಿನವನ್ನು ಹಿಂದೂಡುವುದು ರೂಢಿ. ಈ ಜಾಗ ಮುಚ್ಚುವಾಗ ಪ್ಲಾಸ್ಟಿಕ್ ಬಾಗುತ್ತದೆ, ಹಲ್ಲಿನ ಮೇಲ್ಭಾಗ ಸಂದಿಯತ್ತ ವಾಲುತ್ತದೆ, ಬೇರು ಹಿಂದೆಯೇ ಉಳಿಯುತ್ತದೆ. ಸತ್ತೂರಿನಲ್ಲಿ 1986ರಿಂದ ಇರುವ ಎಸ್‌ಡಿಎಂ ದಂತ ಮಹಾವಿದ್ಯಾಲಯದಂಥ ಬೋಧನಾ ಆಸ್ಪತ್ರೆ ಈ ಅವಳಿ ನಗರದಲ್ಲೇ ಇರುವಾಗ, ಇಂಥ ಹಲ್ಲಿಗೆ ತಜ್ಞರ ಕೈಯ ತಂತಿಯನ್ನು ಬಿಟ್ಟು ಕವಚದ ಪೆಟ್ಟಿಗೆಯನ್ನು ನೆಚ್ಚುವುದಕ್ಕೆ ಹೊಳಪಿನ ಹೊರತು ಬೇರೆ ಕಾರಣವಿಲ್ಲ. ತಜ್ಞರನ್ನು ಬದಿಗಿಟ್ಟು ಮನೆಗೇ ಕವಚ ಕಳಿಸುತ್ತಿದ್ದ ಅಮೆರಿಕದ ಸ್ಮೈಲ್‌ಡೈರೆಕ್ಟ್‌ಕ್ಲಬ್ 2023ರ ಡಿಸೆಂಬರಿನಲ್ಲಿ ಬಾಗಿಲು ಹಾಕಿತು, ಚಿಕಿತ್ಸೆ ನಡುವಿನಲ್ಲಿದ್ದವರು ನಡುವಿನಲ್ಲೇ ಉಳಿದರು.

ಅಲೈನರಿನ ಇತಿಹಾಸ ಬರೆಯುವವರು ಅದರ ಮೂಲಪುರುಷನೆಂದು ಎಚ್. ಡಿ. ಕೆಸ್ಲಿಂಗ್ ಹೆಸರು ಹೇಳಿ, ಇಂಥ ಸಾಧನಗಳ ಸರಣಿಯಿಂದ ದೊಡ್ಡ ಚಲನೆಗಳೂ ಮುಂದೆ ಸಾಧ್ಯವಾದೀತೆಂಬ ಆತನ ಊಹೆಯನ್ನು ಎತ್ತಿ ಹಿಡಿಯುತ್ತಾರೆ. ಆದರೆ 1945ರಲ್ಲಿ ಕೆಸ್ಲಿಂಗ್ ತನ್ನ ರಬ್ಬರ್ ಪೊಸಿಷನರನ್ನು ಮಾಡಿದ್ದು ತಂತಿ ಬಿಚ್ಚಿದ ಮೇಲೆ ಉಳಿಯುವ ಸಣ್ಣಪುಟ್ಟ ಲೋಪಗಳನ್ನು ತಿದ್ದಲು. ಪಾರದರ್ಶಕ ಪ್ಲಾಸ್ಟಿಕ್ಕೂ 1993ರಲ್ಲಿ ಜಾನ್ ಶೆರಿಡನ್ನರ ಎಸಿಕ್ಸ್ ರಿಟೇನರಾಗಿ, ತಂತಿ ತಂದು ನಿಲ್ಲಿಸಿದ ಹಲ್ಲನ್ನು ಅಲ್ಲೇ ಹಿಡಿದಿಡುವ ಕೆಲಸಕ್ಕೆ ಬಂತು. ಆ ಕೆಲಸವನ್ನು ಅದು ಇಂದಿಗೂ ಚೆನ್ನಾಗಿ ಮಾಡುತ್ತಿದೆ.